ಕೈ ಅಡ್ಡ ಹಿಡಿದರೆ

ನಮ್ಮದು ಒಂದೇ ಡಬ್ಬಿಯ ರೈಲು.
ಜಂಕ್ಷನ್ನಿನಿಂದ ಕಡಲಿಗೆ ಒಂಬತ್ತು ಮೈಲಿ, ಒಂದೇ ಹಳಿ,
ಅಳಿವೆಯ ಅಂಚು ಹಿಡಿದು
ಬೆಳ್ಳಕ್ಕಿಗಳನ್ನು ದಾರಿ ಕೇಳುತ್ತ ಹೋಗುವಂಥದು.
ಮುಂದೆ ಚಾಲಕ ಹೆಡ್ಲಿ, ಹಿಂದೆ ಗಾರ್ಡು ನಾನು,
ನಡುವೆ ಕಾರ್ನ್‌ವಾಲಿನ ಅಷ್ಟೂ ಚಾಡಿ.

ಟ್ರೆಗಾರಿಕ್ ನಿಲ್ದಾಣ ಅಂದರೆ ಒಂದು ಹಲಗೆ, ಒಂದು ದೀಪ,
ಮೂರು ಕಾಲಿನ ಬೆಂಚು, ನಾಲ್ಕನೆಯದು ಇಟ್ಟಿಗೆ.
ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲುತ್ತೇವೆ.
ಹಿಡಿಯುವವಳು ಲವ್ಡೇ ಟ್ರೆಂಬಾತ್,
ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯವಳು,
ಬೆಳಿಗ್ಗೆ ಏಳು ಹನ್ನೆರಡಕ್ಕೆ.
ಇಪ್ಪತ್ತಾರು ವರ್ಷದಿಂದ ಅದೇ ಬಲಗೈ.
ಮುರಿದಿದ್ದಾಗ ಒಂದು ಚಳಿಗಾಲ ಎಡಗೈ.

ಹೋದ ಅಕ್ಟೋಬರಿನಲ್ಲಿ ಹನ್ನೊಂದು ದಿನ ರೈಲಿಲ್ಲ.
ಮೊದಲು ಓಕ್ ಎಲೆ ಉದುರಿ ಹಳಿ ಸಾಬೂನಾಯಿತು.
ಆಮೇಲೆ ಅಮಾವಾಸ್ಯೆಯ ಉಬ್ಬರ, ಸಿಗ್ನಲ್ಲಿನ ಬುಡದಲ್ಲಿ ಮೀನು.
ಆಮೇಲೆ ಹೆಡ್ಲಿಯ ಮಂಡಿ.
ಆಮೇಲೆ ಕಾರಣ ಹೇಳುವ ಯಂತ್ರವೇ ಕೆಟ್ಟು
ದಿನವಿಡೀ ‘ಕ್ಷಮಿಸಿ, ಕ್ಷಮಿಸಿ’ ಅಂತಷ್ಟೇ ಅಂದಿತು,
ಯಾತಕ್ಕೆ ಅನ್ನಲಿಲ್ಲ.

ಬದಲಿಗೆ ಬಸ್ಸು ಬಿಟ್ಟಿದ್ದೇವೆ ಅಂದರು.
ಬಸ್ಸಿನ ಅಗಲ ಎಂಟಡಿ,
ಟ್ರೆಗಾರಿಕ್ ಓಣಿಯದು ಏಳೂವರೆ.
ಆ ಅರ್ಧ ಅಡಿಯನ್ನು
ಲವ್ಡೇ ದಿನಾ ಎರಡು ಮೈಲಿ ನಡೆದು ತುಂಬಿದಳು.

ಡಿಸೆಂಬರಿನಲ್ಲಿ ಪ್ರಾರ್ಥನಾ ಮಂದಿರದ ಹಜಾರದಲ್ಲಿ ಸಭೆ.
ಕಂಪನಿಯ ಹುಡುಗ, ತೆಳ್ಳಗಿನ ಕ್ರಿಸ್ಪಿನ್, ನಕ್ಷೆ ಹಾಸಿದ.
ಸುರುಳಿಯಾಗದಂತೆ ಮೂಲೆಗೊಂದು ಬಿಸ್ಕತ್ತಿನ ತಟ್ಟೆ.
ಜಂಕ್ಷನ್ ಹಿಂದಿನ ಹೂಕೋಸಿನ ಹೊಲದಲ್ಲಿ
ಇನ್ನೂರ ಎಂಬತ್ತಾರು ಕಾರು.
ಕಾರು ಅಲ್ಲಿ ನಿಲ್ಲಿಸಿ, ರೈಲು ಹತ್ತಿ, ಕಡಲಿಗೆ ಇಳಿಯಿರಿ.
ಇಪ್ಪತ್ತು ನಿಮಿಷಕ್ಕೊಂದು ರೈಲು;
ಹಾಗಾಗಬೇಕಾದರೆ ನಡುವೆ ಎಲ್ಲೂ ನಿಲ್ಲುವಂತಿಲ್ಲ.
ಟ್ರೆಗಾರಿಕ್ ಇರಬೇಕಾದಲ್ಲಿ
ಯಾರದೋ ಟೀ ಕಪ್ಪಿನ ಉಂಗುರ.

ಹೊಲದೊಡತಿ ಎಡಿತ್ ಎದ್ದಳು:
‘ಅಪ್ಪನ ಕಾಲದಲ್ಲಿ ಇದೇ ರೈಲಲ್ಲಿ ಹೂಕೋಸು ಲಂಡನ್ನಿಗೆ ಹೋಗುತ್ತಿತ್ತು.
ಈಗ ಲಂಡನ್ನೇ ಹೂಕೋಸಿನ ಪಾತಿಗೆ ಬರಲಿ.
ಕಾರು ಗೊಬ್ಬರ ಕೇಳುವುದಿಲ್ಲ, ಪಾರಿವಾಳ ಅದನ್ನು ತಿನ್ನುವುದಿಲ್ಲ.’
ರುಜು ಹಾಕಿ ಕೂತಳು. ತಪ್ಪೆನ್ನಲಾರೆ,
ಅವಳ ಬೆನ್ನನ್ನು ನಾನೂ ನೋಡಿದ್ದೇನೆ.

ಲವ್ಡೇ ಕೇಳಿದಳು:
‘ನನ್ನ ಹತ್ತಿರ ಕಾರಿಲ್ಲ. ನಾನೇನನ್ನು ನಿಲ್ಲಿಸಲಿ?’
ಯಾರೋ ನಕ್ಕರು.
ಹುಡುಗ ನಗಲಿಲ್ಲ, ಬರೆದುಕೊಂಡ,
ಅಡಿಗೆರೆ ಕೂಡ ಎಳೆದ.

ಆಮೇಲೆ ನನಗೊಂದು ಫಾರಮ್ಮು ಬಂತು:
ಆರು ವಾರ, ಟ್ರೆಗಾರಿಕ್‌ನಲ್ಲಿ ಏರಿದವರು ಎಷ್ಟು?
ಸೋಮವಾರ ಒಂದು. ಮಂಗಳವಾರ ಒಂದು.
ಬುಧವಾರ ಅವಳ ನಾಯಿಯೂ ಬಂತು, ಎರಡು ಬರೆದೆ.
ಒಬ್ಬಳನ್ನೇ ‘ಏರಿದವರು’ ಅಂತ ಕೇಳಿದ ಮೇಲೆ
ಬಹುವಚನಕ್ಕೆ ನಾನೇಕೆ ಜಿಪುಣನಾಗಲಿ?
ಗುರುವಾರ ಕೊಡೆಯನ್ನು ಸೇರಿಸಿದೆ.
ಶುಕ್ರವಾರ ನಾಚಿಕೆಯಾಗಿ ಮತ್ತೆ ಒಂದು.

ಮಾರ್ಚಿನಲ್ಲಿ ಹೊಸ ವೇಳಾಪಟ್ಟಿಯ ತಾಲೀಮು.
ಎಲ್ಲೂ ನಿಲ್ಲಿಸಬೇಡಿ ಅಂತ ಬರಹದಲ್ಲಿ ಅಪ್ಪಣೆ.
ಅವಳಿಗೂ ಪತ್ರ ಹೋಗಿತ್ತಂತೆ.
ಆದರೂ ಏಳು ಹನ್ನೆರಡಕ್ಕೆ ಮಂಜಿನೊಳಗೆ ಅವಳು,
ನೀಲಿ ಕೋಟು, ಚಾಚಿದ ಕೈ.
ದಾಟಿ ಹೋದೆವು.
ಹಿಂದಿನ ಕಿಟಕಿಯಲ್ಲಿ ನಿಂತು ನೋಡಿದೆ,
ಆಕೆ ಕೈ ಇಳಿಸಿರಲಿಲ್ಲ,
ಕೋಪಕ್ಕಲ್ಲ,
ಇಳಿಸುವ ಅಭ್ಯಾಸವೇ ಇಲ್ಲದವಳ ಹಾಗೆ.

ಸೇತುವೆಯ ಹತ್ತಿರ ಬ್ರೇಕು ಕಿರುಗುಟ್ಟಿತು.
ಹೆಡ್ಲಿ ಏನೂ ಅನ್ನಲಿಲ್ಲ, ನಾನೂ.
ಹಳಿಯ ಬದಿಯ ಜಲ್ಲಿ ತುಳಿಯುತ್ತ
ಆಕೆ ಬರುವ ಸದ್ದು ಕೇಳುತ್ತ ಕೂತೆವು,
ನಿಧಾನವಾಗಿಯೇ ಬಂದಳು.

ಆರು ನಿಮಿಷ ತಡ.
ಕಾರಣ ಬರೆಯಲು ಒಂದು ಸಾಲಿನ ಜಾಗ.
ಹಳಿಯ ಮೇಲೆ ಎಲೆ, ಅಂತ ಬರೆದೆ.

ಓಕ್ ಇನ್ನೂ ಚಿಗುರಿರಲಿಲ್ಲ.